ಮುಟ್ಟಿ ನೋಡುವ ಕೆಲಸ

"ಚಪ್ಲಿ ಬಿಚ್ಚಲೇ ಬೋಳಿಮಗನೆ. ರಬ್ಬರ್ ಮ್ಯಾಲೆ ನಿಂತ್ಕಂಡು ಮುಟ್ಟಿದ್ರೆ ಕರೆಂಟ್ ಐತೋ ಇಲ್ವೋ ಅಂತ ನಿಮ್ಮಪ್ಪ ಎದ್ದು ಬಂದು ಹೇಳ್ತಾನಾ?"

ರಂಗಯ್ಯ ಚಪ್ಪಲಿ ಬಿಟ್ಟ. ನೆನೆಹಾಕಿದ ತೆಂಗಿನ ಸಿಪ್ಪೆಯಿಂದ ಇಳಿದ ಕೆಂಪು ನೀರು ಮಿಲ್ಲಿನ ನೆಲದ ಮೇಲೆಲ್ಲ ಹರಡಿಕೊಂಡಿತ್ತು. ಅದರೊಳಗೆ ಅಂಗಾಲು ಊರಿ ನಿಂತು ಬಲಗೈ ಮುಂದೆ ಮಾಡಿದ. ಯಂತ್ರ ಆಗಲೇ ಓಡುತ್ತಿತ್ತು. ಬೆರಳಿನ ಹಿಂಬದಿಯನ್ನು ಮೊದಲು ಸ್ಟಾರ್ಟರ್ ಪೆಟ್ಟಿಗೆಯ ತಗಡಿಗೆ, ಆಮೇಲೆ ಮೋಟಾರಿನ ಮೈಗೆ, ಕೊನೆಗೆ ಸಿಪ್ಪೆ ಜಜ್ಜುವ ಯಂತ್ರದ ಬಾಯಿಗೆ ತಾಗಿಸಿದ. ಅಂಗೈಯಿಂದ ಮುಟ್ಟಬಾರದು. ಕರೆಂಟಿದ್ದರೆ ಬೆರಳುಗಳು ಮುದುರಿ ಕಬ್ಬಿಣವನ್ನೇ ಹಿಡಿದುಕೊಳ್ಳುತ್ತವೆ, ಬಿಡಿಸಲು ಆಗುವುದಿಲ್ಲ. ಹಿಂಬದಿಯಾದರೆ ಕೈ ತಾನೇ ಹಿಂದಕ್ಕೆ ಹಾರುತ್ತದೆ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ಸಲ ಅಂಗೈಯಿಂದ ಮುಟ್ಟಿ ಕಲಿತಿದ್ದ.

ಗೋಡೆಗೆ ಒರಗಿ ನಿಂತ ಹೆಂಗಸರು ಅವನ ಮುಖವನ್ನೇ ನೋಡುತ್ತಿದ್ದರು.

"ಏನಿಲ್ಲ," ಎಂದ ರಂಗಯ್ಯ.

"ಏನಿಲ್ಲಂತೆ, ಹೋಗ್ರೇ. ಮದ್ವೆ ಮನೇಲಿ ನಿಂತಂಗೆ ನಿಂತವ್ರೆ," ಎಂದು ಪರಮೇಶಪ್ಪ ತಾನು ನಿಂತಿದ್ದ ಹಲಗೆಯಿಂದ ಕೆಳಗಿಳಿದ. ಮಿಲ್ಲು ಅವನದು. ಯಂತ್ರ ಶುರುಮಾಡುವ ಹಸಿರು ಗುಂಡಿಯನ್ನು ಅವನೇ ಒತ್ತಬೇಕು. ಒತ್ತುವಾಗ ಕಾಲಲ್ಲಿ ಬೂಟು, ಬೂಟಿನ ಕೆಳಗೆ ಒಣ ಮರದ ಹಲಗೆ. ರಂಗಯ್ಯ 'ಏನಿಲ್ಲ' ಅನ್ನುವ ತನಕ ಅವನು ಆ ಹಲಗೆ ಬಿಟ್ಟು ಇಳಿಯುತ್ತಿರಲಿಲ್ಲ.

ಬಿ.ದುರ್ಗದಿಂದ ಚಿಕ್ಕಜಾಜೂರಿಗೆ ಹೋಗುವ ದಾರಿಯಲ್ಲಿ ಈ ನಾರಿನ ಮಿಲ್ಲು. ಸುತ್ತಲ ಊರುಗಳ ತೆಂಗಿನ ಸಿಪ್ಪೆಯೆಲ್ಲ ಇಲ್ಲಿಗೆ ಬಂದು, ನೆನೆದು, ಜಜ್ಜಿಸಿಕೊಂಡು ನಾರಾಗಿ ಹೋಗುತ್ತದೆ. ಕೆಲಸಕ್ಕೆ ಬರುವವರು ಬಹಳ ಮಟ್ಟಿಗೆ ಹೆಂಗಸರು. ಊರಾಚೆಯ ಎ.ಕೆ. ಕಾಲನಿಯಿಂದ ರಂಗಯ್ಯ, ಅವನ ಮಗಳು ಮಂಗಳಾ, ಪುಟ್ಟಕ್ಕ. ಉಳಿದವರು ಊರೊಳಗಿನವರು. ಹೊತ್ತೇರಿದ ಮೇಲೆ ಟೀ ಬರುತ್ತದೆ. ಊರೊಳಗಿನವರಿಗೆ ಸ್ಟೀಲ್ ಲೋಟ, ಕಾಲನಿಯವರಿಗೆ ಪೇಪರ್ ಕಪ್ಪು. ಪೇಪರ್ ಕಪ್ಪೇ ಶುದ್ಧ, ತೊಳೆಯೋ ರಗಳೆಯಿಲ್ಲ ಅಂತ ಪರಮೇಶಪ್ಪನ ಹೆಂಡತಿ ಒಂದು ಸಲ ಮಂಗಳಾಗೆ ಹೇಳಿದ್ದಳು. ಹೌದಕ್ಕ ಎಂದು ಮಂಗಳಾ ಕುಡಿದಿದ್ದಳು.

ಮಿಲ್ಲು ಶುರುವಾದಾಗ ಈ ಮುಟ್ಟಿ ನೋಡುವ ಕೆಲಸ ಇರಲಿಲ್ಲ. ಹೊಳಲ್ಕೆರೆಯ ವೈರ್‌ಮನ್ ದಯಾನಂದ ಬಂದು ಮೂರು ಫೇಸಿನ ತಂತಿ ಎಳೆದು ಕೊಟ್ಟಿದ್ದ. ಪೆಟ್ಟಿಗೆಯ ಮೈಯಿಂದ ಒಂದು, ಮೋಟಾರಿನ ಮೈಯಿಂದ ಒಂದು ಹಸಿರು ತಂತಿ ತಂದು, ಹಿಂದುಗಡೆ ಬತ್ತಿಹೋಗಿದ್ದ ಬೋರಿನ ಕಬ್ಬಿಣದ ಕೇಸಿಂಗ್ ಪೈಪಿಗೆ ಬಿಗಿದಿದ್ದ. ಯಂತ್ರದ ಮೈಗೆ ಎಲ್ಲಾದರೂ ಕರೆಂಟು ಸೋರಿದರೆ ಅದು ಈ ತಂತಿ ಹಿಡಿದು ನೆಲಕ್ಕಿಳಿಯುತ್ತದೆ, ಫ್ಯೂಸು ಹೋಗುತ್ತದೆ, ಮನುಷ್ಯರಿಗೆ ಏನೂ ಆಗುವುದಿಲ್ಲ ಎಂದಿದ್ದ. ಏನೂ ಆಗಿರಲಿಲ್ಲ. ಆಮೇಲೆ ಪರಮೇಶಪ್ಪ ಹೊಲದಲ್ಲಿ ಹೊಸ ಬೋರು ಕೊರೆಸಿದ. ಬತ್ತಿದ ಬೋರಿನಲ್ಲಿ ಕಬ್ಬಿಣ ಯಾಕೆ ತುಕ್ಕು ಹಿಡಿಯಬೇಕು ಅಂತ ಆ ಕೇಸಿಂಗ್ ಪೈಪನ್ನು ಕೀಳಿಸಿ ಅಲ್ಲಿಗೆ ಇಳಿಸಿದ. ಈ ಸೀಮೆಯಲ್ಲಿ ಎಲ್ಲರೂ ಮಾಡುವುದು ಅದನ್ನೇ. ಹಳೇ ಬೋರಿನ ಬಾಯಿಗೆ ಕುರಿಮರಿ ಬೀಳದಿರಲಿ ಎಂದು ಒಂದು ತುಂಡು ಪ್ಲಾಸ್ಟಿಕ್ ಪೈಪು ಊರಿಸಿ, ಬಿಚ್ಚಿದ ಹಸಿರು ತಂತಿಗಳನ್ನು ಮೊದಲಿದ್ದ ಹಾಗೇ ಅದಕ್ಕೆ ಸುತ್ತಿಸಿದ. ನೋಡಿದವರಿಗೆ ಎಲ್ಲವೂ ಇದ್ದಂತೆಯೇ ಇತ್ತು.

ಅದಾದ ಮೇಲೆ ಯಂತ್ರ ಮುಟ್ಟಿದರೆ ಜುಮ್ಮೆನ್ನಲು ಶುರುವಾಯಿತು.

"ಪ್ಲಾಸ್ಟಿಕ್ಕಿಗೆ ಕಟ್ಟಿದ್ರೆ ಹೆಂಗೆ ಸಾವ್ಕಾರ್ರೆ," ಎಂದಿದ್ದ ದಯಾನಂದ. "ಅರ್ಥಿಂಗೇ ಇಲ್ದಂಗಾತು. ಪೆಟ್ಟಿಗೆ ಹತ್ರ ಒಂದ್ ಗುಂಡಿ ತೋಡ್ಸಿ. ತಾಮ್ರದ ಪ್ಲೇಟು, ಇದ್ಲು, ಉಪ್ಪು. ಮ್ಯಾಲೆ ಆಗಾಗ ಒಂದ್ ಕೊಡ ನೀರು ಹುಯ್ದು ಹಸಿ ಇಟ್ರಾತು."

ಪರಮೇಶಪ್ಪ ವಾಸ್ತು ನೋಡುವ ಅಯ್ನೋರನ್ನು ಕೇಳಿಕೊಂಡು ಬಂದ. ಪೆಟ್ಟಿಗೆ ಇರುವುದು ಆಗ್ನೇಯಕ್ಕೆ. ಬೆಂಕಿಯ ಮೂಲೆಯಲ್ಲಿ ಗುಂಡಿ ತೋಡಿ ನೀರು ಹುಯ್ದರೆ ಯಜಮಾನನಿಗೆ ಕಂಟಕ ಎಂದರಂತೆ ಅಯ್ನೋರು. ಬೇರೆ ಮೂಲೆಯಲ್ಲಿ ತೋಡೋಣವೆಂದರೆ ಅಲ್ಲಿತನಕ ತಂತಿ ಎಳೆಯಬೇಕು. ಮುಂದೆ ನೋಡೋಣ ಅಂತಾಯಿತು. ಅಷ್ಟರಲ್ಲಿ ಪರಮೇಶಪ್ಪನ ತಂಗಿಯ ಮಗ ಮೋಟಾರು ಮುಟ್ಟಿ ದೂರ ಹೋಗಿ ಬಿದ್ದ. ಮಾರನೆಯ ಬೆಳಿಗ್ಗೆಯಿಂದ ರಂಗಯ್ಯನನ್ನು ಕರೆದರು. ಅವನನ್ನೇ ಯಾಕೆ ಅಂತ ಯಾರೂ ಕೇಳಲಿಲ್ಲ. ರಂಗಯ್ಯನೂ ಕೇಳಲಿಲ್ಲ.

ಕೇಳುವುದೇನಿತ್ತು. ಅವನ ಅಪ್ಪ ಬಾವಿಗೆ ಮೊದಲು ಇಳಿಯುವವನಾಗಿದ್ದ. ಪಾಳು ಬಿದ್ದ ಬಾವಿಯ ಹೂಳು ತೆಗೆಯಬೇಕಾದರೆ, ಒಳಗೆ ಉಸಿರಾಡಬಹುದೋ ಇಲ್ಲವೋ ಅಂತ ನೋಡಲು ಸೊಂಟಕ್ಕೆ ಹಗ್ಗ ಕಟ್ಟಿ ಅವನನ್ನು ಬಿಡುತ್ತಿದ್ದರು. ಕೆಳಗಿನಿಂದ ಹಗ್ಗ ಅಲ್ಲಾಡಿಸಿದರೆ ಉಳಿದವರು ಇಳಿಯುವರು. ಒಂದು ಸಲ ಹಗ್ಗ ಅಲ್ಲಾಡಲಿಲ್ಲ. ರಂಗಯ್ಯ ಆಗ ಇನ್ನೂ ಚಡ್ಡಿ ಹಾಕುವ ವಯಸ್ಸಿನವನು. ಅಪ್ಪನನ್ನು ಮೇಲಕ್ಕೆಳೆದಾಗ ಅವನ ಬಾಯಿ ತೆರೆದೇ ಇತ್ತು, ಏನೋ ಹೇಳಬೇಕೆಂದಿದ್ದವನ ಹಾಗೆ. ಗೌಡರು ಆ ಬಾವಿಯನ್ನು ಮುಚ್ಚಿಸಿದರು. ಒಳ್ಳೆಯ ಬಾವಿಯಾಗಿತ್ತು ಅಂತ ಊರವರು ಬಹಳ ದಿನ ಆಡಿಕೊಂಡರು.

"ರಂಗಣ್ಣ, ನಿಂದು ಕೈಯಲ್ಲ ಕಣೋ, ಟೆಸ್ಟರು," ಎನ್ನುತ್ತಿದ್ದಳು ಪುಟ್ಟಕ್ಕ. "ಜೇಬಲ್ಲಿ ಇಟ್ಕಂಡು ಓಡಾಡು. ಯಾರಾದ್ರೂ ಕದ್ದಾರು."

ಮೊದಮೊದಲು ಆ ಕೈಗೆ ಎಲ್ಲವೂ ತಿಳಿಯುತ್ತಿತ್ತು. ಇರುವೆ ಹರಿದಷ್ಟಿದ್ದರೂ ಗೊತ್ತಾಗುತ್ತಿತ್ತು. ಬರಬರುತ್ತ ಬೆರಳ ಗಿಣ್ಣುಗಳು ಕಪ್ಪಾದವು, ಚರ್ಮ ಒರಟಾಯಿತು. "ಇವತ್ ಯಾಕೋ ಜುಮ್ ಅಂತೈತೆ ಕಣಣ್ಣ" ಎಂದು ಹೆಂಗಸರು ಹೇಳಿದಾಗ ಅವನಿಗೆ ಏನೂ ಅನ್ನಿಸಿರುತ್ತಿರಲಿಲ್ಲ. ಇರಬಹುದು ಅಂತ ಇನ್ನೊಂದು ಸಲ ಮುಟ್ಟುತ್ತಿದ್ದ. ಆಗಲೂ ಅನ್ನಿಸುತ್ತಿರಲಿಲ್ಲ.

ಹಳೇ ಯಂತ್ರ ಸಾಲದೆಂದು ಪರಮೇಶಪ್ಪ ಹಿರಿಯೂರು ಕಡೆಯಿಂದ ಇನ್ನೊಂದು ದೊಡ್ಡ ಯಂತ್ರ ತಂದ. ಹಳೆಯದನ್ನು ತೆಗೆದು ಅದನ್ನು ಕೂರಿಸಿದರು. ಅದಕ್ಕೆ ಬೇರೆ ಸ್ಟಾರ್ಟರ್ ಪೆಟ್ಟಿಗೆ. ದಯಾನಂದ ಬಂದು ಮೇನ್ ಇಳಿಸಿ, ಫ್ಯೂಸು ಕಿತ್ತು ತನ್ನ ಜೇಬಿಗೆ ಹಾಕಿಕೊಂಡು, ಟೆಸ್ಟರಿಟ್ಟು ನೋಡಿ, ಆಮೇಲೆ ಕೆಲಸಕ್ಕೆ ಕೂತ. ಫ್ಯೂಸು ಯಾಕೆ ಜೇಬಿಗೆ ಎಂದು ಪುಟ್ಟಕ್ಕ ಕೇಳಿದ್ದಕ್ಕೆ, "ನಾನು ಒಳಗೆ ಕೈ ಹಾಕಿರ್ತೀನಿ, ಯಾವನೋ ಪುಣ್ಯಾತ್ಮ ಬಂದು ಮೇನ್ ಎತ್ತಿದ್ರೆ ನೀನು ಬರ್ತೀಯೇನಕ್ಕ ನನ್ ತಿಥಿಗೆ?" ಎಂದ.

"ವಡೆ ಮಾಡ್ಸಿದ್ರೆ ಬರ್ತೀನಿ," ಎಂದಳು ಪುಟ್ಟಕ್ಕ.

ಕೆಂಪು, ಹಳದಿ, ನೀಲಿ. ಮೂರು ತಂತಿಯ ತುದಿಗೂ ಲಗ್ಗು ಎನ್ನುವ ತಾಮ್ರದ ಬಳೆ ಕಚ್ಚಿಸಿ, ಸ್ಕ್ರೂ ಬಿಗಿದು, ಎಳೆದು ನೋಡಿದ. ತಂತಿ ಪೆಟ್ಟಿಗೆಯ ಒಳಗೆ ಬರುವ ತೂತಿನ ಸುತ್ತ ಬೆರಳಾಡಿಸಿ ನಿಂತುಬಿಟ್ಟ.

"ಸಾವ್ಕಾರ್ರೆ, ಈ ತೂತಿನ ಅಂಚು ಬ್ಲೇಡ್ ಇದ್ದಂಗೈತೆ. ಯಂತ್ರ ಅದುರಿ ಅದುರಿ ವೈರಿನ ಮೈ ಸವೆದೋಗತ್ತೆ. ಒಂದು ರಬ್ಬರ್ ಬುಶ್ ಬೇಕು. ನಾಳೆ ಹೊಸದುರ್ಗಕ್ಕೆ ಯಾರಾದ್ರೂ ಹೋದ್ರೆ..."

"ನಾಳೆ ತನಕ ಮಿಲ್ಲು ನಿಲ್ಲಿಸ್ಲಾ? ನಾರು ಸುತ್ತಯ್ಯ. ಮಿಲ್ ತುಂಬ ನಾರೇ ಬಿದ್ದೈತೆ."

"ನಾರು ನೀರು ಕುಡೀತದೆ."

"ನೀನು ಕಾಫಿ ಕುಡಿ. ಸುತ್ತು."

ದಯಾನಂದ ನಾರು ಸುತ್ತಿದ. ಹಸಿರು ತಂತಿಗಳನ್ನು ಹಿಂದಕ್ಕೆ ಒಯ್ದು ಅದೇ ಪ್ಲಾಸ್ಟಿಕ್ ಪೈಪಿಗೆ ಕಟ್ಟಿದ. ಕಟ್ಟುವಾಗ ಪಕ್ಕದಲ್ಲಿ ನಿಂತಿದ್ದ ರಂಗಯ್ಯನ ಮುಖ ನೋಡಲಿಲ್ಲ. "ಹೇಳೋದು ಹೇಳೀನಿ ರಂಗಣ್ಣ. ಜಾಸ್ತಿ ಹೇಳಿದ್ರೆ ಇನ್ನೊಬ್ಬನ್ನ ಕರೀತಾರೆ," ಎಂದ. ರಂಗಯ್ಯ ಹ್ಞೂಂ ಎಂದ.

ಅವತ್ತು ಸಂಜೆ ರಂಗಯ್ಯ ಪರಮೇಶಪ್ಪನ ಮುಂದೆ ಹೋಗಿ ನಿಂತ. ಹಾಗೆ ನಿಲ್ಲುವುದು ಅವನಿಗೆ ರೂಢಿಯಿಲ್ಲ.

"ಸಾವ್ಕಾರ್ರೆ, ಆ ಗುಂಡಿ ನಾವೇ ತೋಡ್ತೀವಿ. ಭಾನುವಾರ ನಾನು ನನ್ ಮಗಳು ಬಂದು. ಕೂಲಿ ಬ್ಯಾಡ. ಆ ಪ್ಲೇಟೊಂದು ನೀವು ತರ್ಸಿದ್ರೆ..."

"ಅಯ್ನೋರು ತೋಡಬ್ಯಾಡ ಅಂದವ್ರೆ. ನೀನು ಅಯ್ನೋರ ಅಪ್ಪನೇನೋ? ನನ್ ಬೆಂಕಿ ಮೂಲೇಲಿ ಗುಂಡಿ ತೋಡಿ, ನಿನ್ ಮಗಳ ಕೈಲಿ ನೀರು ಹುಯ್ಸಿ, ನನ್ನನ್ನ ಅದ್ರಾಗೆ ಹೂಳಾಕೆ ನೋಡ್ತೀಯಾ? ನಡಿ, ನಡಿ. ಮುಟ್ಟೋದೊಂದು ಕೆಲ್ಸ ಕೊಟ್ಟೀನಿ, ನೆಟ್ಟಗೆ ಮುಟ್ಟು."

ರಂಗಯ್ಯ ನೆಟ್ಟಗೆ ಮುಟ್ಟಿದ. ಹೊಸ ಯಂತ್ರದ ಪೆಟ್ಟಿಗೆ, ಮೋಟಾರು, ಬಾಯಿ. ಏನಿಲ್ಲ. ಮಾರನೆಯ ದಿನವೂ ಏನಿಲ್ಲ. ಹಾಗೆ ಕೆಲವು ದಿನ ಹೋದವು.

ಒಂದು ದಿನ ಮಧ್ಯಾಹ್ನ ಉಂಡು ಬಂದವರು ಕೆಲಸಕ್ಕೆ ನಿಂತಿದ್ದರು. ಯಂತ್ರದ ಬಾಯಿಗೆ ಸಿಪ್ಪೆ ಹಾಕುತ್ತಿದ್ದವಳು ಪುಟ್ಟಕ್ಕ. ಒಂದು ಸಿಪ್ಪೆ ಅಡ್ಡವಾಗಿ ಸಿಕ್ಕಿಕೊಂಡಿತು. ಎಡಗೈಯಿಂದ ಅಂಚು ಹಿಡಿದು ಬಗ್ಗಿದಳು. ಕೂಗಲಿಲ್ಲ. ಅವಳ ಕೈಬಳೆಗಳು ಮಾತ್ರ ಕಬ್ಬಿಣದ ಮೇಲೆ ಗಿಲಿಗಿಲಿ ಸದ್ದು ಮಾಡತೊಡಗಿದವು. ತಮಾಷೆ ಮಾಡುತ್ತಿದ್ದಾಳೆ ಅಂತ ಪಕ್ಕದವಳು ನಕ್ಕಳು. ಮಂಗಳಾ ನೋಡಿದಳು. ಪರಮೇಶಪ್ಪ ನಿಲ್ಲುವ ಒಣ ಹಲಗೆ ಎತ್ತಿಕೊಂಡು ಬಂದು ಪುಟ್ಟಕ್ಕನ ಕೈಗೆ ಬಲವಾಗಿ ಹೊಡೆದಳು. ಪುಟ್ಟಕ್ಕ ಬಿದ್ದಳು. ಅಷ್ಟರಲ್ಲಿ ರಂಗಯ್ಯ ಕೈಗೆ ಒಣ ಟವೆಲ್ಲು ಸುತ್ತಿಕೊಂಡು ಗೋಡೆಯ ಮೇನ್ ಇಳಿಸಿದ್ದ. ಯಂತ್ರ ನಿಲ್ಲಲು ಸ್ವಲ್ಪ ಹೊತ್ತು ತೆಗೆದುಕೊಂಡಿತು.

ಲಗೇಜ್ ಆಟೋದಲ್ಲಿ, ನಾರಿನ ಪಿಂಡಿಗಳ ನಡುವೆ ಮಲಗಿಸಿ ಅವಳನ್ನು ಹೊಳಲ್ಕೆರೆಗೆ ಒಯ್ದರು. ಡಾಕ್ಟರಿಗೆ ಪರಮೇಶಪ್ಪನೇ ಹೇಳಿದ. "ಮೂರ್ಛೆ ರೋಗ ಐತೆ ಸಾರ್ ಇವಳಿಗೆ. ಒಲೆ ಮ್ಯಾಲೆ ಬಿದ್ದು ಕೈ ಸುಟ್ಕಂಡವ್ಳೆ." ಪುಟ್ಟಕ್ಕ ಬದುಕಿದಳು. ಎಡಗೈಯ ಬೆರಳುಗಳು ಮುದುರಿಕೊಂಡವು, ಮತ್ತೆ ಬಿಚ್ಚಲಿಲ್ಲ. ಮನೆಯ ಮುಂದೆ ಕೂತು ಆ ಮುಷ್ಟಿಯನ್ನು ನೋಡಿಕೊಳ್ಳುತ್ತಿದ್ದಳು. ಮಾತಾಡಿಸಿದರೆ ಹ್ಞಾಂ ಎನ್ನುತ್ತಿದ್ದಳು, ಅಷ್ಟೇ.

ದಯಾನಂದ ಬಂದು ಪೆಟ್ಟಿಗೆ ಬಿಚ್ಚಿದ. ಸುತ್ತಿದ ನಾರು ನೆನೆದು ಕಪ್ಪಾಗಿತ್ತು. ಕೆಂಪು ತಂತಿಯ ಮೈ ಸವೆದು ಒಳಗಿನ ತಾಮ್ರ ತಗಡಿಗೆ ತಾಗಿತ್ತು.

"ಬೆಳಿಗ್ಗೆ ಇದು ತಾಗಿರ್ಲಿಲ್ಲ," ಎಂದ ಎಲ್ಲರಿಗೂ ಕೇಳುವ ಹಾಗೆ. "ಓಡ್ತಾ ಓಡ್ತಾ ಸವೆದೈತೆ. ಬೆಳಿಗ್ಗೆ ಯಾರು ಮುಟ್ಟಿದ್ರೂ ಏನೂ ಗೊತ್ತಾಗ್ತಿರ್ಲಿಲ್ಲ. ಅರ್ಥಿಂಗ್ ಇದ್ದಿದ್ರೆ ಫ್ಯೂಸ್ ಹೋಗಿರೋದು, ಆಯಮ್ಮಗೆ ಏನೂ ಆಗ್ತಿರ್ಲಿಲ್ಲ."

ಪರಮೇಶಪ್ಪ ಸಿಗರೇಟು ಸೇದುತ್ತ ನಿಂತಿದ್ದ. "ನಿನ್ ಕೆಲ್ಸ ನೀನ್ ಮಾಡು," ಎಂದ. ಆಮೇಲೆ ರಂಗಯ್ಯನ ಕಡೆ ತಿರುಗಿದ. "ಬಾರಲೇ ಇಲ್ಲಿ. ಕೈ ಕೊಡು. ಮುಟ್ಟೋ ಕೈ."

ರಂಗಯ್ಯ ಬಲಗೈ ಚಾಚಿದ. ಪರಮೇಶಪ್ಪ ಅದನ್ನು ಮುಟ್ಟದೆ, ಮೇಲಿನಿಂದ ಸಿಗರೇಟಿನ ಕೆಂಡವನ್ನು ಗಿಣ್ಣಿನ ಮೇಲೆ ಒತ್ತಿ ಹಿಡಿದ.

ಎಲ್ಲರೂ ನೋಡುತ್ತಿದ್ದರು. ರಂಗಯ್ಯನೂ ನೋಡುತ್ತಿದ್ದ. ಸಣ್ಣ ಹೊಗೆ ಎದ್ದಿತು. ಕೂದಲು ಸುಟ್ಟ ವಾಸನೆ ಬಂತು. ಅದು ಬೇರೆ ಯಾರದೋ ಕೈ ಎನ್ನುವ ಹಾಗೆ ಅವನು ಅದನ್ನೇ ನೋಡುತ್ತ ನಿಂತಿದ್ದ. ಈಗ ಉರಿಯುತ್ತದೆ, ಈಗ ಉರಿಯುತ್ತದೆ ಎಂದು ಕಾದ. ಉರಿಯಲಿಲ್ಲ.

"ನೋಡ್ರಪ್ಪ," ಎಂದ ಪರಮೇಶಪ್ಪ. "ಕೈ ಸತ್ತೈತೆ. ಸತ್ ಕೈಲಿ ಮುಟ್ಕಂಡು ಏನಿಲ್ಲ ಏನಿಲ್ಲ ಅಂತ ಇಷ್ಟ್ ದಿನ ಎಲ್ಲಾರ್ನೂ ಯಾಮಾರ್ಸವ್ನೆ ಸೂಳೆಮಗ. ಪುಟ್ಟಕ್ಕನ ಕೈ ಹೋಗಿದ್ದು ಯಾರಿಂದ, ನೀವೇ ಹೇಳ್ರಿ."

ಊರೊಳಗಿನ ಹೆಂಗಸರಲ್ಲಿ ಇಬ್ಬರು ರಂಗಯ್ಯನನ್ನು ನೋಡಿದರು, ಮುಖ ಆ ಕಡೆ ಮಾಡಿದರು. ದಯಾನಂದ ತಂತಿಗೆ ಟೇಪು ಸುತ್ತುತ್ತಿದ್ದ. ಸುತ್ತಿದ ಮೇಲೇ ಮತ್ತೆ ಸುತ್ತುತ್ತಿದ್ದ.

ಪರಮೇಶಪ್ಪ ಮಂಗಳಾಳ ಮುಂದೆ ಹೋಗಿ ನಿಂತ. ಅದೇ ಸಿಗರೇಟನ್ನು ಅವಳ ಕೈ ಹತ್ತಿರಕ್ಕೆ ತಂದ. ಇನ್ನೂ ತಾಗಿರಲಿಲ್ಲ, ಮಂಗಳಾ ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡಳು.

"ಹ್ಞಾ. ಇದು ಕೈ ಅಂದ್ರೆ," ಎಂದ. "ಪೆಟ್ಟಿಗೆ ರಿಪೇರಿ ಆಗೈತೆ. ನಾಳೆಯಿಂದ ನೀನು ಮುಟ್ಟಮ್ಮಿ. ನಿಮ್ಮಪ್ಪ ಸಿಪ್ಪೆ ಹೊರ್ಲಿ."

ಸಂಜೆ ಮನೆಯಲ್ಲಿ ಮಂಗಳಾ ಮುದ್ದೆ ತಿರುವಿದಳು. ಗಂಡ ಬಿಟ್ಟು ಹೋದ ಮೇಲೆ ಅಪ್ಪನ ಮನೆಗೆ ಬಂದು ಸೇರಿಕೊಂಡವಳು ಅವಳು. ಇಬ್ಬರೇ. ತಟ್ಟೆಗೆ ಬಿಸಿ ಸಾರು ಬಿಟ್ಟಳು. ರಂಗಯ್ಯ ಆರಲು ಬಿಡದೆ ಕೈ ಅದ್ದಿದ. ಅವಳು ಅವನ ಮಣಿಕಟ್ಟು ಹಿಡಿದು ಮೇಲೆತ್ತಿದಳು.

"ಸುಡ್ತೈತೆ ಕಣಪ್ಪ."

"ಹೌದೇನು?"

ಅವಳು ಊದಿ ಆರಿಸಿ ತಟ್ಟೆ ಮುಂದಿಟ್ಟಳು. "ನಾನೇ ಮುಟ್ತೀನಿ ಬಿಡಪ್ಪ. ಬೆಳಿಗ್ಗೆ ಒಂದ್ ಗಳಿಗೆ ಕೆಲ್ಸ. ನಾನು ಆಗಲ್ಲ ಅಂದ್ರೆ ಕಾಲನಿಯಿಂದ ಇನ್ನೊಬ್ಳನ್ನ ಕರೀತಾನೆ. ಅವಳೂ ಯಾರೋ ಒಬ್ಬನ ಮಗಳೇ ಅಲ್ವಾ?"

"ನಿಂಗೆ ಹೆದ್ರಿಕೆ ಆಗಲ್ವೇನವ್ವ?"

"ಆಗ್ತೈತೆ." ಅವಳು ಮುದ್ದೆ ಮುರಿದಳು. "ಪುಟ್ಟಕ್ಕನ ಬಳೆ ಸದ್ದು ಕಿವಿಯಾಗೆ ಐತೆ ಇನ್ನೂ. ಅದಕ್ಕೇನ್ ಮಾಡಾಣ. ಉಣ್ಣು."

ರಂಗಯ್ಯ ಉಂಡ. ರುಚಿ ಗೊತ್ತಾಯಿತು, ಬಿಸಿ ಗೊತ್ತಾಗಲಿಲ್ಲ. ತಟ್ಟೆಯಲ್ಲೇ ಕೈ ತೊಳೆದು, ಗಿಣ್ಣಿನ ಮೇಲೆ ಎದ್ದಿದ್ದ ಬೊಬ್ಬೆಯನ್ನು ಎಡಗೈ ಬೆರಳಿಂದ ಒತ್ತಿ ನೋಡಿದ. ಬೆರಳಿಗೆ ಬೊಬ್ಬೆ ತಿಳಿಯಿತು. ಬೊಬ್ಬೆಗೆ ಬೆರಳು ತಿಳಿಯಲಿಲ್ಲ. ಅಪ್ಪನ ಸಿಟ್ಟು ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ನೋಡಿದ. ಅಪ್ಪ ಸಿಟ್ಟು ಮಾಡಿದ್ದನ್ನು ಕಂಡ ನೆನಪೇ ಇರಲಿಲ್ಲ. ತನಗೂ ಸಿಟ್ಟು ಬಂದಿದೆಯೋ ಇಲ್ಲವೋ ಸರಿಯಾಗಿ ತಿಳಿಯಲಿಲ್ಲ. ಮಗಳು ಕೈ ಸರಕ್ಕನೆ ಎಳೆದುಕೊಂಡದ್ದು ಮಾತ್ರ ಕಣ್ಣ ಮುಂದೆ ಬಂದು ಬಂದು ಹೋಗುತ್ತಿತ್ತು.

ಬೆಳಿಗ್ಗೆ ಎಲ್ಲರೂ ಗೋಡೆಯ ಬದಿಗೆ ನಿಂತಿದ್ದರು. ಪರಮೇಶಪ್ಪ ಹಲಗೆ ಹತ್ತಿ ಹಸಿರು ಗುಂಡಿ ಒತ್ತಿದ. ಯಂತ್ರ ಮೊದಲು ಗೊರಗೊರ ಎಂದು, ಆಮೇಲೆ ಒಂದೇ ಸಮನೆ ಓಡತೊಡಗಿತು. ನೆಲದ ನೀರು ಸಣ್ಣಗೆ ನಡುಗುತ್ತಿತ್ತು.

"ಬಾರಮ್ಮಿ," ಎಂದ.

ಮಂಗಳಾ ಚಪ್ಪಲಿ ಬಿಟ್ಟಳು. ಸೀರೆ ಎತ್ತಿ ಕಟ್ಟಿಕೊಂಡು ಒದ್ದೆಯೊಳಗೆ ಒಂದು ಹೆಜ್ಜೆ ಇಟ್ಟಳು. ರಂಗಯ್ಯ ಅವಳ ತೋಳು ಹಿಡಿದು ಹಿಂದಕ್ಕೆ ಸರಿಸಿದ. ಒಣಗಿದ್ದ ಗೋಣಿಚೀಲಗಳ ಅಟ್ಟಿಯನ್ನು ಹೊತ್ತು ತಂದು ಪೆಟ್ಟಿಗೆಯ ಮುಂದೆ, ಹಲಗೆಗೆ ಅಡ್ಡವಾಗಿ ಹಾಕಿದ. ಚಪ್ಪಲಿ ಹಾಕಿಕೊಂಡೇ ಅದರ ಮೇಲೆ ನಿಂತ. ಬಲ ಅಂಗೈಯನ್ನು ಬಿಚ್ಚಿ ಪೆಟ್ಟಿಗೆಯ ತಗಡಿನ ಮೇಲೆ ಪೂರ್ತಿ ಊರಿದ.

"ನಿನ್ ಕೈ ಸತ್ತೈತೆ ಅಂತ ನಿನ್ನೆ ತೋರ್ಸಿಲ್ವೇನೋ? ಸರಿ ಆಚೆಗೆ."

"ಅದಕ್ಕೇ ಸಾವ್ಕಾರ್ರೆ," ಎಂದ ರಂಗಯ್ಯ. ದನಿ ಎತ್ತರಿಸಲಿಲ್ಲ. ಯಂತ್ರದ ಸದ್ದಿನಲ್ಲೂ ಅದು ಕೇಳಿಸಿತು. "ಕರೆಂಟ್ ಐತೋ ಇಲ್ವೋ ನಂಗೆ ತಿಳೀತಿಲ್ಲ. ನೀವು ಹೇಳ್ರಿ." ಎಡಗೈಯನ್ನು ಪರಮೇಶಪ್ಪನ ಎದೆಯ ನೇರಕ್ಕೆ ಚಾಚಿದ. "ಬೂಟ್ ಬಿಚ್ಚಿ, ಕೆಳಗಿಳಿದು ಇದನ್ನ ಹಿಡೀರಿ. ಇದ್ರೆ ನಿಮಗೆ ಗೊತ್ತಾಗತ್ತೆ."

"ಏನಂದೆ?"

"ಕೈ ಹಿಡೀರಿ ಅಂದೆ. ಇಲ್ದಿದ್ರೆ ಏನೂ ಆಗಲ್ಲ. ರಿಪೇರಿ ಆಗೈತೆ ಅಂದ್ರಲ್ಲ."

"ನಿನ್ ಕೈ ನಾನು ಹಿಡೀಬೇಕೇನೋ ಸೂಳೆಮಗನೆ? ಯಾರ್ ಮುಂದೆ ನಿಂತಿದೀಯ ಗೊತ್ತೇನೋ?"

"ಗೊತ್ತು. ಹಿಡೀರಿ."

ಪರಮೇಶಪ್ಪ ಹಲಗೆಯ ಮೇಲೆ ಹಿಂದಕ್ಕೆ ಸರಿದ. ಹಿಂದೆ ಗೋಡೆ. ಗೋಡೆಯೂ ಒದ್ದೆ. "ಎಳೀರಲೇ ಇವನ್ನ ಆಚೆಗೆ. ಯಾರಾದ್ರೂ ಎಳೀರೋ," ಎಂದ. ನಾರು ಸಾಗಿಸುವ ಲಗೇಜ್ ಆಟೋದ ಡ್ರೈವರ್, ಬಾಗಿಲಲ್ಲಿ ನಿಂತಿದ್ದವನು, ಎರಡು ಹೆಜ್ಜೆ ಒಳಗೆ ಬಂದ. ತಗಡಿನ ಮೇಲಿದ್ದ ಅಂಗೈ ನೋಡಿದ. ಅಲ್ಲೇ ನಿಂತ.

"ಮೇನ್ ಇಳ್ಸಮ್ಮಿ," ಎಂದು ಪರಮೇಶಪ್ಪ ಮಂಗಳಾಳನ್ನು ನೋಡಿದ. ಮಂಗಳಾ ಬಿಟ್ಟಿದ್ದ ಚಪ್ಪಲಿಯನ್ನು ಕಾಲಿಗೆ ಹಾಕಿಕೊಂಡಳು. ಹೋಗಿ ಮೇನ್ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಳು. ಊರೊಳಗಿನ ಹೆಂಗಸೊಬ್ಬಳು ಸಿಪ್ಪೆಯ ಬುಟ್ಟಿ ಕೆಳಗಿಟ್ಟಳು. ಕೂರಬೇಕೋ ನಿಲ್ಲಬೇಕೋ ತಿಳಿಯದೆ ಸೆರಗು ಬಾಯಿಗೆ ಹಿಡಿದುಕೊಂಡಳು.

ಪರಮೇಶಪ್ಪ ಫೋನು ತೆಗೆದ. ಯಾರಿಗೋ ಹಚ್ಚಿದ. ಯಂತ್ರದ ಸದ್ದಿಗೆ ಆ ಕಡೆಯವರಿಗೆ ಏನೂ ಕೇಳಿಸುತ್ತಿರಲಿಲ್ಲ. ಹಲೋ ಹಲೋ ಎನ್ನುತ್ತಲೇ ಇದ್ದ. ಹಲಗೆ ಬಿಟ್ಟು ಇಳಿಯಬೇಕೆಂದರೆ ಮುಂದೆ ರಂಗಯ್ಯ, ಪಕ್ಕದಲ್ಲಿ ನೀರು. ನಿಲ್ಲಿಸುವ ಕೆಂಪು ಗುಂಡಿ ರಂಗಯ್ಯನ ಬೆರಳುಗಳ ಸಂದಿಯಲ್ಲಿ ಕಾಣುತ್ತಿತ್ತು.

ಬಾಯಿಗೆ ಏನೂ ಬೀಳದೆ ಯಂತ್ರ ಬರಿದೇ ತಿರುಗುತ್ತಿತ್ತು. ಚಾಚಿದ ಕೈ ಹಾಗೇ ಇತ್ತು.